ತಾಯಿಯ ಉದ್ಯೋಗ: ಏನೆಂದು ಬರೆಯಲಿ?

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತರಬೇತಿಗೆ ಹೆಸರು ಕೊಡಲು ಒಂದು ಅರ್ಜಿ ಹಂಚಿದರು. ಹೆಸರು, ಯುಎಸ್‌ಎನ್, ಎಸ್ಸೆಸ್ಸೆಲ್ಸಿ ಅಂಕ, ಪಿಯುಸಿ ಅಂಕ, ಸಿಜಿಪಿಎ, ಬ್ಯಾಕ್‌ಲಾಗ್ ಇದೆಯೋ ಇಲ್ಲವೋ ಎಂಬುದನ್ನೆಲ್ಲ ಸರಸರ ತುಂಬಿದೆ. ಕೊನೆಯಲ್ಲಿ ಎರಡು ಕಾಲಂ ಇದ್ದವು: ತಂದೆಯ ಉದ್ಯೋಗ, ತಾಯಿಯ ಉದ್ಯೋಗ. ತಂದೆಯದರ ಮುಂದೆ ‘ಕೃಷಿ’ ಎಂದು ಬರೆದೆ. ತಾಯಿಯದರ ಮುಂದೆ ಪೆನ್ನು ನಿಂತುಬಿಟ್ಟಿತು.

ಪಕ್ಕದಲ್ಲಿದ್ದ ಗೆಳೆಯ ಇಣುಕಿ ನೋಡಿ, ‘ಗೃಹಿಣಿ ಅಂತ ಬರಿಯೋ, ಎಲ್ಲಾರೂ ಹಂಗ ಬರ್ದಾರ’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಬೆಂಚಿನ ನಾಲ್ವರಲ್ಲಿ ಮೂವರ ಅರ್ಜಿಯಲ್ಲಿ ಅದೇ ಪದವಿತ್ತು. ಒಬ್ಬನ ತಾಯಿ ಹೊಲದಲ್ಲಿ ಕಸ ತೆಗೆಯುತ್ತಾರೆ, ಇನ್ನೊಬ್ಬನ ತಾಯಿ ಎರಡು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುತ್ತಾರೆ, ಮತ್ತೊಬ್ಬನ ತಾಯಿ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾರೆ. ಅರ್ಜಿಯಲ್ಲಿ ಮೂವರೂ ಗೃಹಿಣಿಯರೇ.

ನನ್ನ ಅವ್ವ ತೀರಿಕೊಂಡು ಒಂದೂವರೆ ವರ್ಷವಾಯಿತು. ಹದಿನೈದು ವರ್ಷ ಆಕೆ ನಮ್ಮೂರಿನ ಆಶಾ ಕಾರ್ಯಕರ್ತೆಯಾಗಿದ್ದಳು. ಅದು ಉದ್ಯೋಗವೇ? ಸರ್ಕಾರದ ಕಾಗದ ಅಲ್ಲ ಎನ್ನುತ್ತದೆ. ಸೇವೆಯೇ? ಊರಿನವರು ಹೌದು ಎನ್ನುತ್ತಾರೆ. ನಾನು ಆ ದಿನ ಕಾಲಂ ಖಾಲಿ ಬಿಟ್ಟು ಅರ್ಜಿ ಕೊಟ್ಟು ಬಂದೆ. ಹಾಸ್ಟೆಲ್‌ಗೆ ಬಂದ ಮೇಲೆ ಆ ಖಾಲಿ ಜಾಗವೇ ತಲೆಯಲ್ಲಿ ಕೊರೆಯತೊಡಗಿತು. ಅದಕ್ಕೇ ಈ ಬರಹ.

ಊರಿಗೆಲ್ಲ ಅಕ್ಕ

ಅವ್ವನ ತವರು ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ಇಂಡಿ ತಾಲ್ಲೂಕಿನ ನಮ್ಮೂರಿಗೆ. ಸಿಂದಗಿ ತಾಲ್ಲೂಕಿನ ಗಡಿ ನಮ್ಮ ಹೊಲಗಳಾಚೆಯೇ ಇರುವುದರಿಂದ ನಮಗೆ ಸಂತೆ, ಆಸ್ಪತ್ರೆ ಎಲ್ಲದಕ್ಕೂ ಸಿಂದಗಿಯೇ ಹತ್ತಿರ. ನಾಲ್ಕು ಎಕರೆ ಒಣಭೂಮಿಯಲ್ಲಿ ಮಳೆ ಬಂದರೆ ತೊಗರಿ, ಹಿಂಗಾರಿಗೆ ಬಿಳಿಜೋಳ. ಸೊಸೆಯರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ಆಗ ಊರಲ್ಲಿ ಕಡಿಮೆ. ಹಾಗಾಗಿ 2009ರಲ್ಲಿ ಆಶಾ ಕೆಲಸಕ್ಕೆ ಹೆಸರು ಕೇಳಿದಾಗ ಅವ್ವನ ಹೆಸರು ಬಂತು. ಆಗ ನನಗೆ ನಾಲ್ಕು ವರ್ಷ.

ಅಂದಿನಿಂದ ಊರಿನ ಅರ್ಧ ಜನ ಆಕೆಯ ಹೆಸರು ಮರೆತರು. ಸಣ್ಣವರಿಗೆ, ದೊಡ್ಡವರಿಗೆ ಆಕೆ ‘ಆಶಾ ಅಕ್ಕ’. ನಡುರಾತ್ರಿ ಬಾಗಿಲು ಬಡಿದರೆ ಅಪ್ಪ ಏಳುತ್ತಿರಲಿಲ್ಲ, ಅವ್ವ ಏಳುತ್ತಿದ್ದಳು. ಬಂದವರು ಯಾರಿಗಾಗಿ ಬಂದಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ನಾನಾಗ ಎಂಟನೇ ತರಗತಿ. ಜೋರು ಮಳೆ. ತೋಟದ ವಸ್ತಿಯಲ್ಲಿದ್ದ ಒಬ್ಬ ಹೆಣ್ಣುಮಗಳಿಗೆ ಬ್ಯಾನಿ ಶುರುವಾಗಿತ್ತು. 108ಕ್ಕೆ ಫೋನು ಮಾಡಿದರೆ ಗಾಡಿ ಬಂತು, ಆದರೆ ಎರೆಮಣ್ಣಿನ ದಾರಿಯಲ್ಲಿ ಒಳಗೆ ಬರಲಾಗದೆ ಡಾಂಬರು ರಸ್ತೆಯಲ್ಲೇ ನಿಂತಿತು. ಮಳೆಗಾಲದ ಎರೆಭೂಮಿ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕಾಲಿಟ್ಟರೆ ಚಪ್ಪಲಿಯೇ ಹೊರಬರುವುದಿಲ್ಲ. ಅವ್ವ ಯಾರದೋ ಟ್ರ್ಯಾಕ್ಟರ್ ಎಬ್ಬಿಸಿದಳು. ಟ್ರೇಲರಿನಲ್ಲಿ ಕಣಿಕೆ ಹಾಸಿ, ಮೇಲೆ ಕೌದಿ ಹಾಕಿ, ತಾಡಪತ್ರಿ ಹಿಡಿದು ಆ ಹೆಣ್ಣುಮಗಳನ್ನು ರಸ್ತೆಗೆ ತಂದರು. ಸಿಂದಗಿ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಹೆರಿಗೆಯಾಯಿತು. ಅವ್ವ ಮರುದಿನ ಮಧ್ಯಾಹ್ನ ಮನೆಗೆ ಬಂದಳು. ಸೀರೆಯ ಅಂಚಿನಲ್ಲಿ ಕೆಸರು ಒಣಗಿ ಗಟ್ಟಿಯಾಗಿತ್ತು. ಕೈಕಾಲು ತೊಳೆದು ನಮಗೆ ರೊಟ್ಟಿ ಬಡಿದಳು. ಸಂಜೆ ರಿಜಿಸ್ಟರ್ ಹಿಡಿದು ಮತ್ತೆ ಹೊರಟಳು.

ನನಗೆ ಸಿಟ್ಟು ಬಂದಿತ್ತು. ಶಾಲೆಗೆ ಬುತ್ತಿ ಇಲ್ಲದೆ ಹೋಗಿದ್ದೆ. ‘ಅವ್ವಾ, ನಿನಗ ಎಷ್ಟ್ ಪಗಾರ ಬರ್ತದ ಅಂತ ಹಿಂಗ ಓಡಾಡ್ತಿ?’ ಎಂದು ಕೇಳಿಬಿಟ್ಟೆ. ಆಕೆ ಬೈಯಲಿಲ್ಲ. ‘ಪಗಾರ ಅಲ್ಲೋ ತಮ್ಮಾ ಇದು, ಗೌರವಧನ’ ಎಂದಳು. ಹೇಳಿ ತಾನೇ ನಕ್ಕಳು.

ಆ ನಗುವಿನ ಅರ್ಥ ನನಗೆ ಆಗ ತಿಳಿಯಲಿಲ್ಲ. ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ. ಗರ್ಭಿಣಿಯನ್ನು ಮೊದಲ ತಿಂಗಳುಗಳಲ್ಲೇ ಗುರುತಿಸಿ, ತಪಾಸಣೆಗಳಿಗೆ ಕರೆದೊಯ್ದು, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರೆ ಹಳ್ಳಿಯ ಆಶಾಗೆ ಸಿಗುವ ಪ್ರೋತ್ಸಾಹಧನ 600 ರೂಪಾಯಿ. ಮಗು ಹುಟ್ಟಿದ ಮೂರನೇ ದಿನದಿಂದ ನಲವತ್ತೆರಡನೇ ದಿನದವರೆಗೆ ಆರು ಬಾರಿ ಮನೆಗೆ ಹೋಗಿ ತೂಕ, ಮೈಬಿಸಿ, ಹೊಕ್ಕಳು, ಮೊಲೆಹಾಲು ಎಲ್ಲ ನೋಡಿ ಬರೆದುಕೊಂಡರೆ 250 ರೂಪಾಯಿ. ಹೆರಿಗೆ ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಾದರೆ, ಅಥವಾ ಸೊಸೆ ತವರಿಗೆ ಹೋದರೆ, ತಿಂಗಳುಗಟ್ಟಲೆ ಓಡಾಡಿದ ಲೆಕ್ಕ ಎಷ್ಟೋ ಸಲ ಕೈಗೇ ಸಿಗುತ್ತಿರಲಿಲ್ಲ.

ಕಬ್ಬಿನ ಗದ್ದೆಗೆ ಹೋದ ತಾಯಿ ಕಾರ್ಡು

ನಮ್ಮ ಭಾಗದ ಇನ್ನೊಂದು ಸಂಗತಿ ಹೇಳಬೇಕು. ದಸರಾ, ದೀಪಾವಳಿ ಆಸುಪಾಸಿನಲ್ಲಿ ಇಂಡಿ, ಸಿಂದಗಿ ಕಡೆಯ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರ ಕಡೆ ಕಬ್ಬು ಕಡಿಯಲು ಹೋಗುತ್ತವೆ. ಇನ್ನು ಕೆಲವರು ಪುಣೆ, ಗೋವಾಕ್ಕೆ ಕಟ್ಟಡ ಕೆಲಸಕ್ಕೆ. ಹೋಗುವವರಲ್ಲಿ ಗರ್ಭಿಣಿಯರೂ ಇರುತ್ತಾರೆ, ಹಸುಗೂಸುಗಳೂ ಇರುತ್ತವೆ.

ಲಾರಿ ಬರುವ ಹಿಂದಿನ ದಿನ ಅವ್ವನಿಗೆ ಬಿಡುವೇ ಇರುತ್ತಿರಲಿಲ್ಲ. ಮನೆಮನೆಗೆ ಹೋಗಿ ತಾಯಿ ಕಾರ್ಡು ತೆಗೆಸಿ ನೋಡುವಳು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೀರು ತಾಗದಂತೆ ಗಂಟು ಕಟ್ಟಿ ಕೊಡುವಳು. ಹಿಂದೆ ತನ್ನ ಮೊಬೈಲ್ ನಂಬರು ದೊಡ್ಡದಾಗಿ ಬರೆಯುವಳು. ಕಬ್ಬಿಣಾಂಶದ ಗುಳಿಗೆ ಕೊಟ್ಟು, ‘ಹಾಲಿನ ಜೋಡಿ, ಚಾದ ಜೋಡಿ ನುಂಗಬ್ಯಾಡ್ರಿ, ನೀರಿನ ಜೋಡಿ ನುಂಗ್ರಿ’ ಎಂದು ಹೇಳುವಳು. ಅವರು ಹೋದ ಮೇಲೂ ಫೋನು ಮಾಡುವುದು ಬಿಡುತ್ತಿರಲಿಲ್ಲ. ಕೂಸಿಗೆ ಇಂಜೆಕ್ಷನ್ ಹಾಕಿಸುವ ದಿನ ಬಂತು, ಅಲ್ಲೇ ಹತ್ತಿರದ ದವಾಖಾನೆಗೆ ಕಾರ್ಡು ತೋರಿಸಿ ಎಂದು ನೆನಪಿಸುವಳು. ಆ ಫೋನಿನ ರೀಚಾರ್ಜು ನಮ್ಮ ಮನೆಯ ಖರ್ಚು.

ಎಂಜಿನಿಯರಿಂಗ್ ಓದುತ್ತಿರುವ ನನಗೆ ಈಗ ಅನ್ನಿಸುತ್ತದೆ: ನಾವು ‘ಡೇಟಾ’, ‘ಟ್ರ್ಯಾಕಿಂಗ್’, ‘ಫಾಲೋಅಪ್’ ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆಯುತ್ತೇವಲ್ಲ, ಅದನ್ನು ಅವ್ವ ಒಂದು ನೋಟ್‌ಬುಕ್ಕು, ಒಂದು ಬಾಲ್‌ಪೆನ್ನಿನಲ್ಲಿ ಮಾಡುತ್ತಿದ್ದಳು.

ಇಂಥ ಕೆಲಸದ ಫಲ ಅಂಕಿಗಳಲ್ಲಿದೆ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019–20ರ ಸಮೀಕ್ಷೆಯಲ್ಲಿ ಅದು 97ಕ್ಕೆ ಏರಿತು. ಒಂದು ಲಕ್ಷ ಜೀವಂತ ಜನನಗಳಿಗೆ 2004–06ರಲ್ಲಿ 213 ಇದ್ದ ತಾಯಂದಿರ ಸಾವು 2018–20ಕ್ಕೆ 69ಕ್ಕೆ ಇಳಿಯಿತು. ಇದಕ್ಕೆ ವೈದ್ಯರು, ನರ್ಸುಗಳು, ಆಂಬುಲೆನ್ಸ್, ರಸ್ತೆ ಎಲ್ಲವೂ ಕಾರಣ. ಆದರೆ ತೋಟದ ವಸ್ತಿಯಿಂದ ಡಾಂಬರು ರಸ್ತೆಯವರೆಗಿನ ಆ ಕೆಸರಿನ ದಾರಿಯನ್ನು ದಾಟಿಸಿದವರು ಆಶಾಗಳು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಆ ದಿನ ಟಿವಿಯಲ್ಲಿ ಸುದ್ದಿ ನೋಡಿ, ‘ಅವ್ವಾ, ನಿನಗ ಪ್ರಶಸ್ತಿ ಬಂತು’ ಎಂದು ಚುಡಾಯಿಸಿದೆ. ‘ಹೌದೇನೋ? ಎರಡ ತಿಂಗಳದ ರೊಕ್ಕ ಯಾವಾಗ ಬರ್ತದ ಅಂತ ಹೇಳ್ಯಾರೇನು?’ ಎಂದು ಕೇಳಿದಳು.

‘ಸ್ವಯಂಸೇವಕಿ’ ಎಂಬ ಪದ

ನನ್ನ ತಕರಾರು ಇರುವುದು ಇಲ್ಲಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂದು ನಿಗದಿಯಾಯಿತು. ಅದೇ ಕಾಗದದಲ್ಲಿ ಆಕೆ ಗೌರವ ಸ್ವಯಂಸೇವಕಿ, ಆಕೆಗೆ ಸಂಬಳವಿಲ್ಲ ಎಂದೂ ಇತ್ತು. ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ ಮಾತ್ರ. ಮುಂದೆ ನಮ್ಮ ರಾಜ್ಯ ಸರ್ಕಾರ ತಿಂಗಳಿಗೆ 5,000 ರೂಪಾಯಿ ಗೌರವಧನ ಸೇರಿಸಿತು. ಕೇಂದ್ರವು 2025ರಲ್ಲಿ ತಿಂಗಳ ನಿಗದಿತ ಪ್ರೋತ್ಸಾಹಧನವನ್ನು 2,000ದಿಂದ 3,500ಕ್ಕೆ, ಹತ್ತು ವರ್ಷ ದುಡಿದು ಬಿಡುವವರಿಗೆ ಕೊಡುವ ಇಡಿಗಂಟನ್ನು 20,000ದಿಂದ 50,000ಕ್ಕೆ ಏರಿಸಿತು. ಏನೂ ಆಗಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ‘ಸ್ವಯಂಸೇವಕಿ’ ಎಂಬ ಪದ ಹಾಗೇ ಇದೆ. ಆ ಪದ ಇರುವವರೆಗೂ ಕೇಳಿದ್ದೆಲ್ಲ ಬೇಡಿಕೆ, ಕೊಟ್ಟದ್ದೆಲ್ಲ ಉಪಕಾರ.

‘ನಿಮ್ಮವ್ವ ಒಂದ್ ದಿನಾನೂ ಏನೂ ಕೇಳಲಿಲ್ಲ, ದೇವರಂಥಾಕಿ’ ಎಂದು ಮಣ್ಣಿಗೆ ಬಂದ ಬೀಗರೊಬ್ಬರು ಹೇಳಿದರು. ಅವರು ಪ್ರೀತಿಯಿಂದಲೇ ಹೇಳಿದರು. ಆದರೆ ಅದು ನಿಜವಲ್ಲ. ಅವ್ವ ಕೇಳಿದ್ದಳು. 2020ರ ಜನವರಿಯಲ್ಲಿ ರಾಜ್ಯದ ಸಾವಿರಾರು ಆಶಾಗಳು ಬೆಂಗಳೂರಿನಲ್ಲಿ ಮೆರವಣಿಗೆ ಮಾಡಿದಾಗ ಗುಲಾಬಿ ಸೀರೆಯುಟ್ಟು, ಬುತ್ತಿ ಕಟ್ಟಿಕೊಂಡು, ರೈಲಿನಲ್ಲಿ ಕುಳಿತು ಹೋಗಿದ್ದಳು. ಅದಕ್ಕೂ ಮೊದಲು ಆಕೆ ಬೆಂಗಳೂರು ನೋಡಿರಲಿಲ್ಲ. ತಿರುಗಿ ಬರುವಾಗ ನನಗೊಂದು ಜಾಮಿಟ್ರಿ ಬಾಕ್ಸ್ ತಂದಿದ್ದಳು. ಮನೆಯಲ್ಲಿ ಬಾಯಿ ಬಿಟ್ಟು ಕೇಳದವಳು ಬೀದಿಯಲ್ಲಿ ನಿಂತು ಕೇಳಿದ್ದಳು. ಅದನ್ನು ಮರೆತು ಆಕೆಯನ್ನು ಬರೀ ದೇವರು ಮಾಡುವುದು ನಮಗೆ ಅನುಕೂಲ. ದೇವರಿಗೆ ಪಗಾರ ಕೊಡಬೇಕಿಲ್ಲವಲ್ಲ!

ಆಕೆ ಹೋದ ಮೇಲೆ, 2025ರ ಜನವರಿಯಲ್ಲಿ, ಅವಳ ಜೊತೆಗಾರ್ತಿಯರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಚಳಿಯಲ್ಲಿ ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಪಡೆದು ಊರಿಗೆ ಬಂದರು. ಅದೇ ವರ್ಷ ಅದೇ ಭರವಸೆಗಾಗಿ ಮತ್ತೊಮ್ಮೆ ಧರಣಿ ಕೂರಬೇಕಾಯಿತು.

ಮೂವರು ಹೆಣ್ಣುಮಕ್ಕಳು, ಮೂರು ಹೆಸರು

ಅವ್ವನ ಕಥೆ ಅವ್ವನಿಂದ ಶುರುವಾದದ್ದಲ್ಲ. ಮುದ್ದೇಬಿಹಾಳ ಕಡೆಯ ನನ್ನ ಅಜ್ಜಿ, ಅಂದರೆ ಅವ್ವನ ಅವ್ವ, ಸೂಲಗಿತ್ತಿ. ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಕೂಸುಗಳನ್ನು ಎತ್ತಿದ್ದಾಳೋ ಆಕೆಗೇ ಲೆಕ್ಕವಿಲ್ಲ. ಯಾವ ಜಾತಿ, ಯಾವ ಧರ್ಮ ಎಂದು ನೋಡದೆ ಕರೆದ ಮನೆಗೆ ಹೋಗುತ್ತಿದ್ದಳಂತೆ. ಪ್ರತಿಯಾಗಿ ಒಂದು ಕುಪ್ಪಸದ ಕಣ, ಸೇರು ಜೋಳ, ಒಮ್ಮೊಮ್ಮೆ ಅದೂ ಇಲ್ಲ. ಇದಕ್ಕೂ ಊರು ಕೊಟ್ಟ ಹೆಸರು ಸೇವೆ.

ಅವ್ವನ ಅಕ್ಕ, ನನ್ನ ದೊಡ್ಡವ್ವ, ಬಸವನ ಬಾಗೇವಾಡಿ ತಾಲ್ಲೂಕಿನವಳು. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರು ಹೋದ ಮೇಲೆ ಕಟ್ಟಿಕೊಟ್ಟ ಪುನರ್ವಸತಿ ಊರಿನಲ್ಲಿ ಅಂಗನವಾಡಿ ಸಹಾಯಕಿ. ಬೆಳಿಗ್ಗೆ ಮಕ್ಕಳನ್ನು ಮನೆಯಿಂದ ಕರೆತರುವುದು, ಅಡುಗೆ ಮಾಡುವುದು, ಉಣಿಸುವುದು, ಮೂಗು ಒರೆಸುವುದು, ಮತ್ತೆ ಮನೆಗೆ ಬಿಡುವುದು ಎಲ್ಲ ಆಕೆಯದೇ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ದೇಶದ ಮೊದಲ 33 ಬ್ಲಾಕುಗಳಲ್ಲಿ ನಮ್ಮ ರಾಜ್ಯದ ತಿ. ನರಸೀಪುರವೂ ಒಂದು. ಐವತ್ತು ವರ್ಷ ಕಳೆದರೂ ಅವರಿಗೂ ಸಿಗುವುದು ಗೌರವಧನವೇ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಪಡೆಯುವ ಹಕ್ಕಿದೆ ಎಂದು ಹೇಳಿತು. ‘ಗೌರವಧನ’ ಎಂದು ಕರೆದಾಕ್ಷಣ ಅದು ಕೂಲಿಯಲ್ಲದೆ ಹೋಗುವುದಿಲ್ಲ ಎಂಬುದೇ ಆ ತೀರ್ಪಿನ ತಿರುಳು ಎಂದು ನಾನು ತಿಳಿದಿದ್ದೇನೆ.

ನಮ್ಮ ನಾಡು ಇಂಥವರನ್ನು ಗುರುತಿಸಿಯೇ ಇಲ್ಲವೆಂದಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಎಲ್ಲರಿಗೂ ಗೊತ್ತು. ಶಾಲೆ ಕಾಣದ, ಹನ್ನೆರಡು ಮಕ್ಕಳನ್ನು ಹೆತ್ತ ಆ ತಾಯಿ ತನ್ನ ಅಜ್ಜಿಯಿಂದ ಹೆರಿಗೆ ಮಾಡಿಸುವುದನ್ನು ಕಲಿತರು. ಆಸ್ಪತ್ರೆಯ ಸೌಕರ್ಯವಿಲ್ಲದ ಹಳ್ಳಿಗಳಲ್ಲಿ ದುಡ್ಡು ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಆಗ ಅವರಿಗೆ 98 ವರ್ಷ. ಅವರಿಗೆ ಸಿಕ್ಕ ಗೌರವದ ಬಗ್ಗೆ ನನಗೆ ಸಂತೋಷವಿದೆ. ಆದರೆ ಆ ಗೌರವಗಳು ಬರುವ ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು. ನನ್ನ ಅಜ್ಜಿಯಂಥವರು, ನನ್ನ ಅವ್ವನಂಥವರು ಅಷ್ಟು ವರ್ಷ ಕಾಯುವುದಿಲ್ಲ. ಯಾರೋ ಒಬ್ಬರಿಗೆ ಪ್ರಶಸ್ತಿ ಕೊಟ್ಟು ಉಳಿದವರನ್ನು ‘ಸೇವೆ’ ಎಂಬ ಪದದ ಕೆಳಗೆ ಮುಚ್ಚಿಡುವುದು ಸರಿಯೇ?

ಬಸವಣ್ಣನವರ ಊರಿನ ಜಿಲ್ಲೆಯವರಾದ ನಮಗೆ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಬಾಗೇವಾಡಿ ಬಸ್ ನಿಲ್ದಾಣದಲ್ಲಿ ಇಳಿದವರಿಗೆಲ್ಲ ‘ಕಾಯಕವೇ ಕೈಲಾಸ’ ಎಂಬ ಮಾತು ಬಾಯಿಪಾಠ. ಆ ಕಾಲದ ಶರಣೆಯರ ಹೆಸರುಗಳನ್ನು ಒಮ್ಮೆ ನೋಡಿ: ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ. ಒಬ್ಬಾಕೆ ಚೆಲ್ಲಿದ ಅಕ್ಕಿ ಆಯುವವಳು, ಒಬ್ಬಾಕೆ ನೂಲು ತೆಗೆಯುವವಳು, ಇನ್ನೊಬ್ಬಾಕೆ ಧಾನ್ಯ ಕುಟ್ಟುವವಳು. ಅವರ ಗಂಡನ ಹೆಸರಿಗಿಂತ ಮೊದಲು ಅವರ ಕೆಲಸ ನಮಗೆ ತಿಳಿಯುತ್ತದೆ. ಹನ್ನೆರಡನೇ ಶತಮಾನ ಹೆಣ್ಣಿನ ಕೆಲಸವನ್ನು ಹೆಸರಿನ ಮುಂದೆಯೇ ಬರೆದಿಟ್ಟಿತು. ಇಪ್ಪತ್ತೊಂದನೇ ಶತಮಾನದ ನಾವು ಅರ್ಜಿಯಲ್ಲಿ ‘ಗೃಹಿಣಿ’ ಎಂದು ಬರೆದು ಮುಗಿಸುತ್ತೇವೆ. ಶರಣರು ಮೊದಲು ಹೇಳಿದ್ದು ಕಾಯಕ, ಆಮೇಲೆ ದಾಸೋಹ. ದುಡಿದವಳಿಗೆ ದುಡಿಮೆಯ ಫಲವನ್ನೇ ಕೊಡದೆ ದಾಸೋಹ ಮಾಡು ಎಂದರೆ ಅದು ನ್ಯಾಯವಲ್ಲ.

ನನ್ನ ತಪ್ಪು

ಸರ್ಕಾರವನ್ನು ಮಾತ್ರ ದೂರಿ ಈ ಬರಹ ಮುಗಿಸಿದರೆ ಅದು ಅರ್ಧ ಸತ್ಯ. ನಮ್ಮ ಮನೆಯಲ್ಲೂ ಲೆಕ್ಕ ತಪ್ಪಿತ್ತು.

ನಾವು ಬಿಇ ವಿದ್ಯಾರ್ಥಿಗಳು ಪದವಿ ಪಡೆಯಲು ನೂರು ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಸಮಾಜಸೇವೆ ಕಲಿಯಲಿ ಎಂಬ ಒಳ್ಳೆಯ ಉದ್ದೇಶದ ನಿಯಮ ಅದು. ಮೊದಲ ವರ್ಷದಲ್ಲಿ ನಾವು ಕೆಲವರು ಸೇರಿ ಒಂದು ಹಳ್ಳಿಗೆ ಹೋಗಿ ಸಸಿ ನೆಟ್ಟೆವು, ಶಾಲೆಯ ಅಂಗಳ ಗುಡಿಸಿದೆವು, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡೆವು. ಫೋಟೊ ವರದಿಗೆ ಅಂಟಿಸಿದರೆ ಪಾಯಿಂಟ್ ಬಂತು. ಊರಿಗೆ ಹೋದಾಗ ಅವ್ವನಿಗೆ ಫೋಟೊ ತೋರಿಸಿದೆ. ‘ಚೊಲೊ ಆತು. ಆ ಸಸಿಗೆ ನೀರು ಯಾರು ಹಾಕ್ತಾರ?’ ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಹದಿನೈದು ವರ್ಷದ ಆಕೆಯ ಕೆಲಸಕ್ಕೆ ಎಷ್ಟು ಪಾಯಿಂಟ್ ಆಗುತ್ತಿತ್ತು ಎಂದು ಒಮ್ಮೆಯೂ ನಾನು ಯೋಚಿಸಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಆಶಾ ಒಂದು ಪ್ರಶ್ನಾವಳಿ ತುಂಬಬೇಕು. ತಂಬಾಕು ತಿನ್ನುತ್ತೀರಾ, ಸೊಂಟದ ಸುತ್ತಳತೆ ಎಷ್ಟು, ಮನೆತನದಲ್ಲಿ ಬಿಪಿ, ಶುಗರ್ ಇದೆಯಾ ಎಂದು ಕೇಳಿ ಅಂಕ ಹಾಕಬೇಕು. ಅಂಕ ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಅವ್ವ ಊರಿನ ಎಲ್ಲರದೂ ತುಂಬಿದ್ದಳು. ಅಪ್ಪನನ್ನು ಬೈದು ಕರೆದೊಯ್ದು ಬಿಪಿ ನೋಡಿಸಿದ್ದಳು. 2024ರ ಜೂನ್‌ನಲ್ಲಿ, ನನ್ನ ಎರಡನೇ ಸೆಮಿಸ್ಟರ್ ನಡೆದಿದ್ದಾಗ, ಸರ್ವೆ ಮುಗಿಸಿ ಬಂದವಳು ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಬಿಪಿ ಏರಿ ತಲೆಯಲ್ಲಿ ರಕ್ತಸ್ರಾವವಾಗಿದೆ ಎಂದರು ವೈದ್ಯರು. ಮೂರನೇ ದಿನ ವಿಜಯಪುರದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಳು. ಆಗ ಆಕೆಗೆ 45 ವರ್ಷ.

ದಿನಕರ್ಮವೆಲ್ಲ ಮುಗಿದ ಮೇಲೆ ಆಕೆಯ ಚೀಲ ತೆಗೆದೆ. ಆ ಪ್ರಶ್ನಾವಳಿಗಳ ಕಟ್ಟು ಅದರಲ್ಲಿತ್ತು. ನಮ್ಮ ಮನೆಯ ಹಾಳೆಗಳನ್ನು ಹುಡುಕಿದೆ. ಅಜ್ಜನದು ಇತ್ತು, ಅಪ್ಪನದು ಇತ್ತು, ಚಿಕ್ಕಪ್ಪನದು ಇತ್ತು. ಅವ್ವನ ಹಾಳೆಯಲ್ಲಿ ಹೆಸರು, ವಯಸ್ಸು ಮಾತ್ರ ಇತ್ತು. ಉಳಿದದ್ದೆಲ್ಲ ಖಾಲಿ.

ಊರಿಗೆಲ್ಲ ಕೇಳಿದ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ. ಅಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆಗಾಗ ತಲೆನೋವು ಎನ್ನುತ್ತಿದ್ದಳು. ಬಿಸಿಲಿಗೆ ಅಡ್ಡಾಡಿದ್ದಕ್ಕೆ ಇರಬೇಕು ಎಂದು ಸುಮ್ಮನಾಗುತ್ತಿದ್ದೆವು. ಬಾಗಿಲು ಬಡಿದಾಗ ಏಳುವ ತಾಯಿಗೆ ಆಯಾಸವೇ ಇಲ್ಲ ಎಂದು ನಾವು ನಂಬಿದ್ದೆವು. ಊರ ಅಗಸಿಯ ಮುಂದೆ ಯುವಕರು ಕಟ್ಟಿದ ಫ್ಲೆಕ್ಸ್‌ನಲ್ಲಿ ‘ತ್ಯಾಗಮಯಿ, ಸಮಾಜ ಸೇವಕಿ’ ಎಂದಿತ್ತು. ಅವರ ಅಭಿಮಾನ ದೊಡ್ಡದು. ಆದರೆ ತ್ಯಾಗ ಎಂಬ ಪದ ನೋಡಿದಾಗಲೆಲ್ಲ ಆ ಖಾಲಿ ಹಾಳೆ ನನ್ನ ಕಣ್ಣ ಮುಂದೆ ಬರುತ್ತದೆ.

ನಾವು ಮಾಡಬಹುದಾದದ್ದು

‘ದುಡ್ಡು ಬಂದರೆ ಸೇವಾಭಾವ ಹೋಗುತ್ತದೆ’ ಎಂದು ಕೆಲವರು ವಾದಿಸುತ್ತಾರೆ. ವೈದ್ಯರಿಗೆ ಸಂಬಳವಿದೆ, ಶಿಕ್ಷಕರಿಗಿದೆ, ಗಡಿ ಕಾಯುವ ಸೈನಿಕರಿಗಿದೆ. ಸಂಬಳ ಪಡೆಯುತ್ತಾರೆಂದು ಅವರಲ್ಲಿ ಸೇವಾಭಾವವಿಲ್ಲ ಎಂದು ಯಾರೂ ಹೇಳುವುದಿಲ್ಲ. ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ಈ ವಾದ ಏಕೆ? ಮನೆಯಲ್ಲಿ ಆಕೆ ಮಾಡುವ ಕೆಲಸಕ್ಕೆ ದುಡ್ಡು ಕೊಟ್ಟು ನಮಗೆ ರೂಢಿಯಿಲ್ಲ. 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಆ ರೂಢಿಯನ್ನೇ ನಾವು ಮನೆಯಿಂದ ಊರಿಗೂ, ಊರಿನಿಂದ ಸರ್ಕಾರಿ ಯೋಜನೆಗೂ ಒಯ್ದಿದ್ದೇವೆ.

ಆಶಾ, ಅಂಗನವಾಡಿ, ಬಿಸಿಯೂಟದ ಅಕ್ಕಂದಿರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ, ನಿವೃತ್ತಿ ಸೌಲಭ್ಯ ಕೊಡಬೇಕು, ಅದು ಪ್ರತಿ ತಿಂಗಳು ನಿಗದಿತ ದಿನ ಕೈ ಸೇರಬೇಕು ಎಂಬುದು ಸರ್ಕಾರಕ್ಕೆ ನನ್ನ ಮನವಿ. ಊರಿನ ಗ್ರಾಮಸಭೆಯಲ್ಲಿ ಶಾಲು ಹೊದಿಸುವುದು ಒಳ್ಳೆಯದೇ. ಅದೇ ಸಭೆಯಲ್ಲಿ ‘ಅಕ್ಕಾ, ನಿಮ್ಮ ರೊಕ್ಕ ಬಂತೇನು?’ ಎಂದೂ ಯಾರಾದರೂ ಕೇಳಬೇಕು. ವರ್ಷಕ್ಕೊಮ್ಮೆ ಅವರದೇ ಆರೋಗ್ಯ ತಪಾಸಣೆ ಕಡ್ಡಾಯವಾಗಬೇಕು.

ಆದರೆ ಸರ್ಕಾರದ ಆದೇಶಕ್ಕೆ ಕಾಯದೆ ನಾವೇ ಮಾಡಬಹುದಾದ ಕೆಲಸಗಳಿವೆ, ಗೆಳೆಯರೇ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ತಾಯಿಯ ಬಿಪಿ, ಶುಗರ್, ರಕ್ತ ಪರೀಕ್ಷೆ ಮಾಡಿಸಿ. ‘ನನಗೇನಾಗೇತಿ, ಚೊಲೊ ಅದೀನಿ’ ಎಂದು ಆಕೆ ಹೇಳಿಯೇ ಹೇಳುತ್ತಾಳೆ. ಕೇಳಬೇಡಿ, ಕೈಹಿಡಿದು ಕರೆದುಕೊಂಡು ಹೋಗಿ. ಒಂದು ಸಂಜೆ ಆಕೆಯ ಪಕ್ಕ ಕುಳಿತು ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ಮಾಡಿದಳು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅಜ್ಜಿ ಸೂಲಗಿತ್ತಿಯಾಗಿದ್ದರೆ, ನಾಟಿ ಔಷಧ ಕೊಡುತ್ತಿದ್ದರೆ, ಸಂಘ ಕಟ್ಟಿ ಸಾಲ ತೀರಿಸಿದ್ದರೆ ಅದನ್ನೂ ಬರೆಯಿರಿ. ರೆಸ್ಯೂಮೆಯಲ್ಲಿ ಎರಡು ದಿನದ ವರ್ಕ್‌ಶಾಪನ್ನೂ ಬಿಡದೆ ಬರೆಯುವ ನಾವು ಅವರ ಜೀವಮಾನದ ಕೆಲಸಕ್ಕೆ ಒಂದು ಪುಟ ಕೊಡಲಾರೆವೇ?

ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬ ಕಾಲಂ ಬಂದಾಗ ನಿಜ ಬರೆಯಿರಿ. ಹೊಲದಲ್ಲಿ ದುಡಿಯುತ್ತಿದ್ದರೆ ‘ಕೃಷಿ’ ಎಂದೇ ಬರೆಯಿರಿ. ಆ ಹೊಲದಲ್ಲಿ ಅಪ್ಪ ಮಾಡುವುದು ಕೃಷಿಯಾದರೆ ಅವ್ವ ಮಾಡುವುದೂ ಕೃಷಿಯೇ. ಹೈನುಗಾರಿಕೆ ಇದ್ದರೆ ಹೈನುಗಾರಿಕೆ, ಹೊಲಿಗೆ ಇದ್ದರೆ ಹೊಲಿಗೆ. ಮನೆಯನ್ನೇ ನಡೆಸುತ್ತಿದ್ದರೆ ‘ಗೃಹಿಣಿ’ ಎಂದು ಹೆಮ್ಮೆಯಿಂದ ಬರೆಯಿರಿ. ಅದೂ ಕೆಲಸವೇ. ಯೋಚಿಸದೆ ಬರೆಯಬೇಡಿ, ಅಷ್ಟೇ.

ಮರುದಿನ ನಾನು ಪ್ಲೇಸ್‌ಮೆಂಟ್ ವಿಭಾಗಕ್ಕೆ ಹೋಗಿ ನನ್ನ ಅರ್ಜಿ ವಾಪಸ್ ಕೇಳಿದೆ. ಅಲ್ಲಿದ್ದ ಸರ್, ‘ಏನಪ್ಪಾ, ಸಿಜಿಪಿಎ ತಪ್ಪು ಬರ್ದಿಯೇನು?’ ಎಂದರು. ‘ಇಲ್ಲ ಸರ್, ಒಂದು ಕಾಲಂ ಉಳಿದದ’ ಎಂದೆ. ತಾಯಿಯ ಉದ್ಯೋಗದ ಮುಂದೆ ಹೀಗೆ ಬರೆದೆ: ಆಶಾ ಕಾರ್ಯಕರ್ತೆ, 2009ರಿಂದ 2024. ಸರ್ ಓದಿದರು. ‘ನಮ್ಮ ತಂಗಿನೂ ಮುದ್ದೇಬಿಹಾಳದಾಗ ಇದೇ ಕೆಲಸ ಮಾಡ್ತಾಳ’ ಎಂದು ಹೇಳಿ ಅರ್ಜಿಯನ್ನು ಕಟ್ಟಿನ ಮೇಲಿಟ್ಟರು.

ತಂಗಿಯ ಬಿಪಿ ನೋಡಿಸಿದ್ದಾರೋ ಇಲ್ಲವೋ ಎಂದು ಕೇಳಿಯೇ ನಾನು ಹೊರಬಂದೆ.